ಉರಿಮೂತ್ರವೂ ಡಬ್ಬಿಯಲ್ಲುಳಿದ ಮಾತ್ರೆಯೂ

ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಡೆಯ ಸಹೋದರಿಯರೊಡನೆ ಮಾತನಾಡುವಾಗ ನಾವು ಗಮನಿಸಿರುವ ಸಂಗತಿಯೊಂದಿದೆ. ಮಂಡಿನೋವು, ತಲೆನೋವುಗಳನ್ನು ಎಲ್ಲರೆದುರು ಹೇಳಿಕೊಳ್ಳುವವರು ಉರಿಮೂತ್ರದ ಮಾತು ಬಂದೊಡನೆ ದನಿ ತಗ್ಗಿಸುತ್ತಾರೆ. ಅತ್ತೆಗೆ ಹೇಳಲು ಸಂಕೋಚ. ವೈದ್ಯರಿಗೆ ಹೇಳಲು ನಾಚಿಕೆ. ಕೊನೆಗೆ ಔಷಧದ ಅಂಗಡಿಯಿಂದ ನಾಲ್ಕು ಮಾತ್ರೆ ತರಿಸಿ, ಎರಡನ್ನು ನುಂಗಿ, ಉರಿ ತಗ್ಗಿದೊಡನೆ ಉಳಿದೆರಡನ್ನು ಡಬ್ಬಿಯಲ್ಲಿಡುತ್ತಾರೆ. ಮುಂದೊಮ್ಮೆ ಅದೇ ಮಾತ್ರೆ ಫಲ ಕೊಡದಿದ್ದಾಗ, ಅದು ಮೈಗೆ ಒಗ್ಗಿಹೋಯಿತೆಂದು ಸಮಾಧಾನ ಪಟ್ಟುಕೊಳ್ಳುತ್ತಾರೆ.

ಒಗ್ಗಿಹೋಗಿರುವುದು ಮೈಗಲ್ಲ, ರೋಗಾಣುವಿಗೆ. ಈ ವ್ಯತ್ಯಾಸವನ್ನು ತಿಳಿಯುವುದು ಅತ್ಯಗತ್ಯ.

ಮೂತ್ರದ ಸೋಂಕಿಗೆ ಬಹುಪಾಲು ಕಾರಣವಾದುದು ಇ. ಕೋಲಿ ಎಂಬ ಬ್ಯಾಕ್ಟೀರಿಯ. ಅದು ನಮ್ಮೆಲ್ಲರ ಕರುಳಿನಲ್ಲಿ ಸಾಮಾನ್ಯವಾಗಿ ನಿರುಪದ್ರವಿಯಾಗಿಯೇ ಇರುತ್ತದೆ. ಮೂತ್ರಮಾರ್ಗವನ್ನು ಹೊಕ್ಕಾಗ ಬಾಧಿಸುತ್ತದೆ. ಪುರುಷರ ಮೂತ್ರನಾಳ ಸುಮಾರು 20 ಸೆಂಟಿಮೀಟರ್ ಉದ್ದವಿದ್ದರೆ, ಸ್ತ್ರೀಯರದು ಸುಮಾರು 4 ಸೆಂಟಿಮೀಟರ್ ಮಾತ್ರ. ಆದುದರಿಂದಲೇ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಬೇನೆ ತಗಲುತ್ತದೆ. ಇದು ದೇಹರಚನೆಯಿಂದ ಬಂದುದು; ನಡತೆಯ ದೋಷವಲ್ಲ.

ನೆಗಡಿ ವೈರಸ್ಸಿನಿಂದ ಬರುವಂಥದು. ಅದಕ್ಕೆ ಆಂಟಿಬಯೋಟಿಕ್‌ನಿಂದ ಪ್ರಯೋಜನವಿಲ್ಲ. ಆದರೂ ನುಂಗಿದೆವೆನ್ನಿ. ಆಗ ಕರುಳಿನಲ್ಲಿರುವ ದುರ್ಬಲ ಬ್ಯಾಕ್ಟೀರಿಯಗಳು ಸಾಯುತ್ತವೆ, ಔಷಧಕ್ಕೆ ಜಗ್ಗದವು ಉಳಿದು ವೃದ್ಧಿಯಾಗುತ್ತವೆ. ಮೇಲಿನ ಹುಲ್ಲನ್ನಷ್ಟೇ ಕಿತ್ತು ಗರಿಕೆಯ ಬೇರನ್ನು ನೆಲದಲ್ಲಿ ಬಿಟ್ಟ ಹೊಲದ ಪಾಡೇ ಇದು. ಮುಂದೆ ಮೂತ್ರಮಾರ್ಗವನ್ನೇರುವುದು ಈ ಗಟ್ಟಿ ಸಂತತಿಯೇ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು 1945ರಲ್ಲಿ ನೊಬೆಲ್ ಭಾಷಣದಲ್ಲಿಯೇ ಈ ಅಪಾಯವನ್ನು ಎಚ್ಚರಿಸಿದ್ದರು. ಒಂದು ಕಾಲಕ್ಕೆ ಉರಿಮೂತ್ರಕ್ಕೆ ರಾಮಬಾಣವೆನಿಸಿದ್ದ ನಾರ್‌ಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್ ಮಾತ್ರೆಗಳಿಗೆ ನಮ್ಮ ದೇಶದಲ್ಲಿ ಇ. ಕೋಲಿ ಇಂದು ಬಹುಮಟ್ಟಿಗೆ ಬಗ್ಗುವುದಿಲ್ಲ. 1950ರ ದಶಕದಿಂದ ಬಳಕೆಯಲ್ಲಿರುವ ನೈಟ್ರೊಫ್ಯುರಾಂಟಾಯಿನ್ ಮೂತ್ರಕೋಶದ ಸೋಂಕಿಗೆ ಇನ್ನೂ ಉಪಯುಕ್ತವಾಗಿರುವುದು ಸಮಾಧಾನದ ಸಂಗತಿ. ಯಾರಿಗೆ ಯಾವುದು ಹೊಂದುತ್ತದೆಂಬುದನ್ನು ಮಾತ್ರ ವೈದ್ಯರೇ ನಿರ್ಧರಿಸಬೇಕು.

2014ರಿಂದ ಕೆಲವು ಪ್ರಬಲ ಆಂಟಿಬಯೋಟಿಕ್‌ಗಳನ್ನು ಮಾರುವಾಗ ಅಂಗಡಿಯವರು ರೋಗಿಯ ಹಾಗೂ ವೈದ್ಯರ ಹೆಸರನ್ನು ದಾಖಲಿಸಬೇಕೆಂಬ ನಿಯಮವಿದೆ. ಮಾತ್ರೆಯ ಹಾಳೆಯ ಮೇಲಿನ ಕೆಂಪು ಗೆರೆಯ ಅರ್ಥವನ್ನು ತಿಳಿಸಲು 2016ರಲ್ಲಿ ಕೇಂದ್ರ ಸರ್ಕಾರ ಪ್ರಚಾರ ಕೈಗೊಂಡಿತು: ವೈದ್ಯರ ಚೀಟಿಯಿಲ್ಲದೆ ಅದನ್ನು ಸೇವಿಸಕೂಡದು. ಆ ಗೆರೆಯನ್ನು ಮನೆಯ ಮಕ್ಕಳಿಗೂ ತೋರಿಸಿಕೊಡಿ.

ಬೇನೆ ಮರುಕಳಿಸುತ್ತಿದ್ದರೆ, ಮಾತ್ರೆ ನುಂಗುವ ಮೊದಲೇ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸುವ ಬಗ್ಗೆ ವೈದ್ಯರನ್ನು ಕೇಳಿರಿ. ಮೊದಲ ಧಾರೆಯನ್ನು ಬಿಟ್ಟು, ನಡುವಿನದನ್ನು ಪ್ರಯೋಗಾಲಯದವರು ಕೊಟ್ಟ ಶುಚಿಯಾದ ಡಬ್ಬಿಯಲ್ಲಿ ಹಿಡಿಯಬೇಕು. ಫಲಿತಾಂಶಕ್ಕೆ ಎರಡು ಮೂರು ದಿನ ಹಿಡಿದರೂ, ಯಾವ ಔಷಧ ನಾಟುತ್ತದೆಂಬುದು ಅದರಿಂದ ತಿಳಿಯುತ್ತದೆ. ವೈದ್ಯರು ಹೇಳಿದಷ್ಟು ದಿನ ಔಷಧ ಸೇವಿಸಿರಿ. ಕಡಿಮೆಯೂ ಬೇಡ, ಹೆಚ್ಚೂ ಬೇಡ. ಒಬ್ಬರಿಗೆ ಬರೆದುದನ್ನು ಮತ್ತೊಬ್ಬರಿಗೆ ಕೊಡಬೇಡಿ.

ಅರಸೀಕೆರೆಯಲ್ಲಿ ರೈಲಿಗೆ ಕಾಯುವಾಗ, ಬೇಲೂರು ಹಳೇಬೀಡುಗಳ ಜಾತ್ರೆ ಮದುವೆಗಳಿಗೆ ಹೊರಟಾಗ, ಶೌಚಾಲಯ ಸಿಗದೆಂದು ನಮ್ಮ ಹೆಂಗಸರು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ನೀರು ಕುಡಿಯಿರಿ, ಮೂತ್ರವನ್ನು ತಡೆಹಿಡಿಯಬೇಡಿ. ಎಳನೀರು, ಬಾರ್ಲಿ ನೀರು ಹಿತವೆನಿಸಬಹುದು. ಅವು ಚಿಕಿತ್ಸೆಗೆ ಬದಲಿಯಲ್ಲ. ಚಳಿಜ್ವರ, ಪಕ್ಕೆನೋವು, ವಾಂತಿ, ಮೂತ್ರದಲ್ಲಿ ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು; ಸೋಂಕು ಮೂತ್ರಪಿಂಡವನ್ನು ಮುಟ್ಟಿರಬಹುದು. ಗರ್ಭಿಣಿಯರೂ ಮಧುಮೇಹಿಗಳೂ ಈ ಲಕ್ಷಣಗಳಿಗಾಗಿ ಕಾಯದೆ, ಉರಿ ಕಂಡಾಗಲೇ ವೈದ್ಯರನ್ನು ಕಾಣಬೇಕು.

ಅತ್ತೆಯಂದಿರಲ್ಲಿ ನಮ್ಮದೊಂದು ವಿನಂತಿ. ಸೊಸೆ ಪದೇಪದೇ ಬಚ್ಚಲಿನತ್ತ ಹೋಗಿ ಮುಖ ಕಿವುಚಿಕೊಂಡು ಬರುವುದನ್ನು ಕಂಡರೆ, ಅವಳು ಹೇಳಲೆಂದು ಕಾಯದೆ ತಾವೇ ಕೇಳಿರಿ. ತಾವು ಮೊದಲು ಆಡುವ ಮಾತಿನಿಂದ ಅವಳ ಸಂಕೋಚ ಕರಗೀತು. ಡಬ್ಬಿಯಲ್ಲುಳಿದ ಮಾತ್ರೆಯ ಹಂಗೂ ತಪ್ಪೀತು.