ಮೊದಲು ಬರೆಯಿರಿ, ಬೇಡದ್ದರ ಪಟ್ಟಿ

ಏಳು ತಿಂಗಳು ತುಂಬಿದ್ದೇ ತಡ, ನನ್ನ ಫೋನ್ ತುಂಬಾ ತೊಟ್ಟಿಲು, ಸ್ಟ್ರಾಲರ್, ಡೈಪರ್ ಟೇಬಲ್‌ಗಳ ಜಾಹೀರಾತು. ನಮ್ಮದು ಬೆಂಗಳೂರಿನ ಬಾಡಿಗೆ ಮನೆ, ಮೇಲೆ ಇಎಂಐ ಬೇರೆ. ಹಾಗಾಗಿ ನಾವಿಬ್ಬರೂ ಕೂತು ಮೊದಲು ಬರೆದದ್ದು ಬೇಡದ್ದರ ಪಟ್ಟಿ.

ಬಾಣಂತನ ಹೇಗೂ ಶಿವಮೊಗ್ಗದಲ್ಲಿ, ಅಮ್ಮನ ಮನೆಯಲ್ಲಿ. ಅಂದ್ಮೇಲೆ ಮೊದಲ ಮೂರು ತಿಂಗಳು ಇಲ್ಲಿ ಕೋಣೆಯೇ ಬೇಡ. "ಹುಟ್ಟೋ ಮುಂಚೆ ಏನೂ ತರಬೇಡಿ" ಅನ್ನೋ ಅತ್ತೆಯ ಮಾತು ಜೇಬಿಗೂ ಒಳ್ಳೆಯದೇ!

ಡೈಪರ್ ಟೇಬಲ್ ಬದಲು ನೆಲದ ಮೇಲೊಂದು ಚಾಪೆ ಸಾಕು. ನೆಲದಿಂದ ಯಾವ ಮಗುವೂ ಕೆಳಗೆ ಬೀಳಲ್ಲ. ಅಮ್ಮನ ಹಳೇ ಕಾಟನ್ ಸೀರೆ, ಅಪ್ಪನ ಪಂಚೆ ಕತ್ತರಿಸಿದರೆ ಮೆತ್ತನೆಯ ಬಟ್ಟೆ ಬೇಕಾದಷ್ಟು.

ಜಿಪುಣತನ ಮಾಡಬಾರದ್ದು ಮಗು ಮಲಗೋ ಜಾಗದಲ್ಲಿ. ಸೆಕೆಂಡ್ ಹ್ಯಾಂಡ್ ಮಂಚವಾದರೆ ಸ್ಕ್ರೂಗಳೆಲ್ಲ ಇವೆಯಾ, ಕಂಬಿಗಳ ಸಂದು 6 ಸೆಂ.ಮೀ. ಮೀರಿಲ್ಲ ತಾನೇ ಅಂತ ಟೇಪ್ ಹಿಡಿದೇ ನೋಡಿ. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಲಿ. ಅಂಚಿನಲ್ಲಿ ಎರಡು ಬೆರಳಿಗಿಂತ ಹೆಚ್ಚು ಸಂದು ಬೇಡ. ಮಗುವನ್ನು ಅಂಗಾತ ಮಲಗಿಸಿ. ಮೊದಲ ವರ್ಷ ದಿಂಬು, ಬಂಪರ್, ಮೆತ್ತನೆ ಗೊಂಬೆ ಯಾವುದೂ ಮಂಚದೊಳಗೆ ಬೇಡ. ಅಂಗಡಿಯವರು ಸೆಟ್ ಅಂತ ಕಟ್ಟಿಕೊಡೋದು ಇವನ್ನೇ! ಬಿಟ್ಟರೆ ಮಗುವಿನ ಉಸಿರಿಗೂ ಕ್ಷೇಮ, ದುಡ್ಡೂ ಉಳಿತಾಯ.

ಉಳಿದದ್ದರಲ್ಲಿ ನಾವು ಕೊಳ್ಳೋದು ಬಟ್ಟೆಗೊಂದು ಶೆಲ್ಫ್. ಮಗು ಹಿಡಿದು ನಿಲ್ಲೋ ಹೊತ್ತಿಗೆ ಅದು ಮೈಮೇಲೆ ಬೀಳದಂತೆ ಗೋಡೆಗೆ ಬಿಗಿಸಲೇಬೇಕು. ಡ್ರಿಲ್ ಮಾಡೋಕೆ ಓನರ್ ಅಂಕಲ್ ಹತ್ರ ಈಗಲೇ ಕೇಳಿಟ್ಟಿದ್ದೇವೆ. ನೀವೂ ಕೇಳಿಡಿ.