ಕೊಹ್ಲಿಗೆ ಹದಿಮೂರು, ಅವನಿಗೆ ಎರಡು

ದಸರೆ ಸೂಟಿಗೆ ಬಂದ ಮೊಮ್ಮಗ ನಮ್ಮ ಸಾರವಾಡದ ಮನೆಯ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಹಳೆಯ ಕಬಡ್ಡಿ ಪಂದ್ಯ ನೋಡುತ್ತಿದ್ದ. ಪಾಟ್ನಾ ಪೈರೇಟ್ಸ್‌ನ ಪರ್ದೀಪ್ ನರ್ವಾಲ್ ಡುಬ್ಕಿ ಹೊಡೆದು ಮೂವರ ಕೈಕೆಳಗೆ ನುಸುಳಿ ಗೆರೆ ಮುಟ್ಟಿದರು. ನಾನು ಸುಮ್ಮನಿರಬಾರದಾ? ‘ಇಂವ ಮೊದಲ ನಮ್ಮ ಬೆಂಗಳೂರು ಬುಲ್ಸ್‌ದಾಗ ಆಡಿದಾಂವ, ಗೊತ್ತೇನು?’ ಅಂದುಬಿಟ್ಟೆ.

‘ಹೌದಾ ಮುತ್ಯಾ? ಮತ್ತ ಯಾಕ ಬಿಟ್ರು? ಇವರಿಗೆ ಹುಡುಗೂರನ್ನ ಗುರುತಿಸಾಕ ಬರಂಗಿಲ್ಲ ಬಿಡು!’

ಒಂದೇ ಮಾತಿನಲ್ಲಿ ತೀರ್ಪು ಮುಗಿಯಿತು. ಬುಲ್ಸ್ ಅಭಿಮಾನಿಯಾದ ನನಗೆ ಚುರುಕ್ ಎಂದಿತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. 2015ರಲ್ಲಿ ಪರ್ದೀಪ್ ಪ್ರೊ ಕಬಡ್ಡಿಗೆ ಕಾಲಿಟ್ಟಿದ್ದು ಬೆಂಗಳೂರು ತಂಡದಲ್ಲೇ. ಆಡಿದ್ದು ಕೆಲವೇ ಪಂದ್ಯ, ಮಾಡಿದ್ದು ಕೆಲವೇ ಅಂಕ. ಮುಂದಿನ ಸೀಸನ್ನಿಗೆ ಪಾಟ್ನಾ ಸೇರಿದರು. ಪಾಟ್ನಾ ಮೂರು ಸಲ ಸತತವಾಗಿ ಚಾಂಪಿಯನ್ ಆಯಿತು. 2017ರ ಒಂದೇ ಸೀಸನ್ನಿನಲ್ಲಿ ಅವರು ಗಳಿಸಿದ ರೈಡ್ ಅಂಕ 369.

‘ಪವನ್ ಸೆಹ್ರಾವತ್ ಯಾರು ಹಂಗಾರ?’ ಎಂದು ನಾನೂ ಪಟ್ಟು ಹಾಕಿದೆ. ಪವನ್ ಕೂಡ ಬುಲ್ಸ್‌ನಲ್ಲೇ ಶುರು ಮಾಡಿದವರು. ನಡುವೆ ಒಂದು ಸೀಸನ್ ಗುಜರಾತಿಗೆ ಹೋದರು, ಅಲ್ಲಿ ಅಂಥ ಹೆಸರೇನೂ ಆಗಲಿಲ್ಲ. ವಾಪಸ್ ಬೆಂಗಳೂರಿಗೆ ಬಂದ ಮೇಲೆ ಕೋಚ್ ರಣಧೀರ್ ಸಿಂಗ್ ಅವರನ್ನೇ ಮುಖ್ಯ ರೈಡರ್ ಮಾಡಿದರು. ಆ ಸೀಸನ್ನಿನಲ್ಲಿ 271 ರೈಡ್ ಅಂಕ. 2019ರ ಜನವರಿ 5ರ ಫೈನಲ್‌ನಲ್ಲಿ ಅದೇ ಗುಜರಾತ್ ವಿರುದ್ಧ ಒಬ್ಬರೇ 22 ಅಂಕ ತಂದರು. 38–33ರಿಂದ ಕಪ್ಪು ಬೆಂಗಳೂರಿಗೆ.

ಅವನು ಒಂದು ಹೆಸರು ಹೇಳಿದ, ನಾನೊಂದು ಹೇಳಿದೆ. ಹೀಗೆ ಹೆಸರಿಗೆ ಹೆಸರು ಎಸೆಯುತ್ತ ಕೂತರೆ ಬೆಳಗಾದರೂ ಜಗಳ ತೀರುವುದಿಲ್ಲ. ‘ಕಳೆದುಕೊಂಡವರ’ ಪಟ್ಟಿ ಮಾಡುವುದು ಇವತ್ತು ಸುಲಭ. 2015ರಲ್ಲಿ ಹದಿನೆಂಟರ ಹುಡುಗನ ಹಣೆಯ ಮೇಲೆ 369 ಎಂದು ಬರೆದಿರಲಿಲ್ಲವಲ್ಲ!

ಅಮೆರಿಕದ ಬಾಸ್ಕೆಟ್‌ಬಾಲ್‌ನವರಿಗೆ ಈ ಜಗಳ ಬಹಳ ಹಳೆಯದು. ಅಲ್ಲಿ ಹೊಸ ಹುಡುಗರನ್ನು ತಂಡಗಳು ವರ್ಷವರ್ಷ ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಹೋದ ವರ್ಷ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಸರದಿ ಸಿಗುವ ಅವಕಾಶ ಹೆಚ್ಚು. ನಮ್ಮಲ್ಲಿ ಪಂಕ್ತಿಯ ಕೊನೆಗೆ ಕೂತವರಿಗೆ ಮೊದಲು ಬಡಿಸಿದ ಹಾಗೆ. 1984ರಲ್ಲಿ ಮೈಕೆಲ್ ಜೋರ್ಡನ್‌ರನ್ನು ಶಿಕಾಗೋ ಆರಿಸಿಕೊಂಡಿದ್ದು ಮೂರನೆಯ ಸರದಿಯಲ್ಲಿ. ಅಂದರೆ ಅವರಿಗಿಂತ ಮುಂದಿದ್ದ ಎರಡು ತಂಡಗಳು ಜೋರ್ಡನ್ ಬೇಡವೆಂದು ಬೇರೆಯವರನ್ನು ತೆಗೆದುಕೊಂಡವು! 2014ರಲ್ಲಿ ಡೆನ್ವರ್ ತಂಡ ಸರ್ಬಿಯಾದ ನಿಕೋಲ ಯೋಕಿಚ್ ಎಂಬ ಹುಡುಗನನ್ನು 41ನೆಯ ಸರದಿಯಲ್ಲಿ ಆರಿಸಿತು. ಇನ್ನೊಂದು ವರ್ಷ ಅವನ ಊರಲ್ಲೇ ಆಡಲು ಬಿಟ್ಟು, ಆಮೇಲೆ ಕರೆಸಿಕೊಂಡಿತು. ಆ ಹುಡುಗ ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರನಾದ, 2023ರಲ್ಲಿ ಡೆನ್ವರ್ ಕಪ್ಪು ಗೆದ್ದಿತು. ಒಂದನೆಯ ಸರದಿಯಲ್ಲಿ ಎಲ್ಲರೂ ಬಲ್ಲ ಹುಡುಗನನ್ನು ಆರಿಸಿದ್ದಕ್ಕೂ 41ರಲ್ಲಿ ಇಂಥವನು ಸಿಕ್ಕಿದ್ದಕ್ಕೂ ಒಂದೇ ಮಾರ್ಕ್ಸ್ ಕೊಡಲಾಗದು.

ಕಬಡ್ಡಿಯಲ್ಲಿ ಹರಾಜು ಇದೆ, ಕೈಯಲ್ಲಿರುವ ದುಡ್ಡಿಗೆ ಮಿತಿ ಇದೆ. 2021ರಲ್ಲಿ ಯುಪಿ ಯೋಧಾ ಪರ್ದೀಪ್ ಅವರಿಗೆ 1.65 ಕೋಟಿ ಕೊಟ್ಟಿತು. ಅದು ಕೊಂಡಿದ್ದು, ಬೆಳೆಸಿದ್ದಲ್ಲ. ಬೆಳೆಸಿದ್ದು ಅಂದರೆ ಹೆಸರೇ ಇಲ್ಲದ ಹುಡುಗರನ್ನು ತಂದು ಆಡಿಸುವುದು. ಈ ಲೆಕ್ಕಕ್ಕೆ ಬುಲ್ಸ್‌ನಿಂದ ನಾನು ಮುಂದಿಡುವ ಹೆಸರು ಭರತ್ ಹೂಡಾ ಮತ್ತು ಸೌರಭ್ ನಂದಲ್. ಭರತ್ ಬುಲ್ಸ್‌ನಲ್ಲೇ ಕಣ್ಣು ಬಿಟ್ಟು, ಎರಡನೆಯ ಸೀಸನ್ನಿಗೇ 279 ರೈಡ್ ಅಂಕ ಮಾಡಿದರು. ಸೌರಭ್ 2019ರಿಂದ ಬಲ ಕಾರ್ನರ್ ಕಾಯುತ್ತ ನಿಂತು ಕೊನೆಗೆ ನಾಯಕನೂ ಆದರು. ರೈಡರ್‌ನಷ್ಟು ಚಪ್ಪಾಳೆ ಕಾರ್ನರ್‌ನವನಿಗೆ ಬೀಳುವುದಿಲ್ಲ, ಅದು ಬೇರೆ ಮಾತು.

‘ಮತ್ತ 2024ರಾಗ ಎಲ್ಲಾರ್ಕಿಂತ ಕೆಳಗ ಬಂದ್ರಲ್ಲ?’ ಮೊಮ್ಮಗ ಬಿಡುವವನಲ್ಲ. ಹೌದು, 22 ಪಂದ್ಯಗಳಲ್ಲಿ ಗೆದ್ದಿದ್ದು ಎರಡೇ. ಅದೂ ಪರ್ದೀಪ್ ಅವರನ್ನು ವಾಪಸ್ ಕರೆತಂದ ವರ್ಷ! ತಮ್ಮಲ್ಲಿ ಹುಟ್ಟಿದ ಹುಡುಗ ಪೂರ್ತಿ ಬೆಳೆದು, ದಣಿದು ಬಂದ ಮೇಲೆ ದುಡ್ಡು ಕೊಟ್ಟು ಕೊಂಡರು. ಪವನ್ ಕೂಡ ಅಷ್ಟರಲ್ಲಿ ಬೇರೆ ತಂಡದ ಪಾಲಾಗಿದ್ದರು. ನನ್ನ ಮಟ್ಟಿಗೆ ಬುಲ್ಸ್‌ಗೆ ರೈಡರ್ ಗುರುತಿಸುವ ಕಣ್ಣು ಚೆನ್ನಾಗಿದೆ, ಉಳಿಸಿಕೊಳ್ಳುವ ಕೈ ಸಡಿಲ. ಜೊತೆಗೆ ಇನ್ನೊಂದು ಸಂಕಟ ನನಗೆ. ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ನಾಯಕರಾಗಿ, ಪ್ರಶಾಂತ್ ಕುಮಾರ್ ರೈ 2022ರಲ್ಲಿ ಪಾಟ್ನಾ ನಾಯಕರಾಗಿ ಫೈನಲ್ ತನಕ ಹೋದರು. ಕನ್ನಡದ ಹುಡುಗರು ಬೇರೆಯವರ ಜೆರ್ಸಿಯಲ್ಲಿ ನಾಯಕರಾಗುವುದನ್ನು ನಾವು ಟಿವಿಯಲ್ಲಿ ನೋಡಿದೆವು.

ಪುಣೇರಿ ಪಲ್ಟನ್‌ನವರು ಯುವ ಪಲ್ಟನ್ ಎಂದು ಹುಡುಗರ ಪಡೆಯನ್ನೇ ಕಟ್ಟಿದರು. ಒಬ್ಬ ತಾರೆಯನ್ನು ಹುಡುಕಲಿಲ್ಲ, ಹಿಂಡನ್ನೇ ಬೆಳೆಸಿದರು. ಹೊಸಬರಾಗಿ ಬಂದ ಅಸ್ಲಾಂ ಇನಾಮ್‌ದಾರ್, ಮೋಹಿತ್ ಗೋಯತ್ ಮೂರನೆಯ ಸೀಸನ್ನಿಗೆ, ಅಂದರೆ 2024ರ ಮಾರ್ಚ್‌ನಲ್ಲಿ, ಕಪ್ಪು ಎತ್ತಿದರು. ನಾಯಕ ಅಸ್ಲಾಂ. ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. 2025ಕ್ಕೆ ಅವರನ್ನು ಬುಲ್ಸ್ ಕರೆಸಿಕೊಂಡಿತು, ತಡವಾಗಿಯಾದರೂ.

ಇಷ್ಟೆಲ್ಲ ಹೇಳಿ, ಮೊಮ್ಮಗನಿಗೆ ಪ್ರಿಯವಾದ ಕ್ರಿಕೆಟ್ಟಿನ ಉದಾಹರಣೆಯನ್ನೂ ಕೊಟ್ಟೆ. 2008ರಲ್ಲಿ ಆರ್‌ಸಿಬಿಗೆ ಬಂದ ವಿರಾಟ್ ಕೊಹ್ಲಿ ಮೊದಲ ಐಪಿಎಲ್‌ನಲ್ಲಿ 13 ಪಂದ್ಯಗಳಿಂದ ಹೊಡೆದಿದ್ದು ಬರೀ 165 ರನ್. ಸರಾಸರಿ ಹದಿನೈದು. ಆಗಲೇ ಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ‘ಯಾರನ್ನ ಆರಿಸಿದ್ರು ಅನ್ನೂದಷ್ಟ ಅಲ್ಲ ತಮ್ಮಾ, ಎಷ್ಟು ಮ್ಯಾಚ್ ಕೊಟ್ರು ಅನ್ನೂದನ್ನೂ ನೋಡಬೇಕು.’

ಬಹಳ ಜಾಣ್ಮೆಯ ಮಾತಾಡಿದೆ ಅಂದುಕೊಂಡೆ. ಅವನು ಕೇಳಿದ: ‘ನೀನೂ ಊರ ಟೀಮ್ ನಡಸ್ತಿದ್ದೆಲ್ಲ ಮುತ್ಯಾ, ಎಷ್ಟು ಮಂದೀನ ತಯಾರ್ ಮಾಡೀದಿ?’

‘ಮೂರು ಮಂದಿ’ ಎಂದು ಎದೆ ಸೆಟೆಸಿ ಹೆಸರೂ ಹೇಳಿದೆ. ಆ ಮೂವರೂ ಸುತ್ತಲಿನ ಜಾತ್ರೆಗಳಲ್ಲಿ ಹೆಸರು ಮಾಡಿದವರು. ‘ಎಷ್ಟು ಮಂದ್ಯಾಗ ಮೂರು?’

ಅದು ನನಗೆ ನೆನಪಿರಲಿಲ್ಲ. ಟ್ರಂಕಿನಲ್ಲಿ ಹಳೆಯ ವಹಿ ಇತ್ತು. ಬಸ್ ಚಾರ್ಜು, ಚಹಾ, ಚುರುಮರಿ ಖರ್ಚಿನ ಪಕ್ಕದಲ್ಲೇ ಯಾವ ಪಂದ್ಯಕ್ಕೆ ಯಾರು ಆಡಿದರೆಂದು ಬರೆದಿದ್ದೆ. ಇಬ್ಬರೂ ಕೂತು ಎಣಿಸಿದೆವು. ಆರು ವರ್ಷದಲ್ಲಿ ಹೊಸದಾಗಿ ತೆಗೆದುಕೊಂಡ ಹುಡುಗರು ಹನ್ನೊಂದು. ನಾನು ಇಷ್ಟು ವರ್ಷ ಕಟ್ಟೆಯ ಮೇಲೆ ಕೂತು ಹೇಳುತ್ತ ಬಂದಿದ್ದು ಮೂವರದ್ದು ಮಾತ್ರ. ಉಳಿದ ಎಂಟರಲ್ಲಿ ಕೆಲವರು ದುಡಿಯಲು ಗೋವಾ, ಪುಣೆ ಸೇರಿದರು, ಅದು ನನ್ನ ಕೈಯಲ್ಲಿರಲಿಲ್ಲ. ಒಬ್ಬನ ಹೆಸರ ಮುಂದೆ ಮಾತ್ರ ಮೊಮ್ಮಗನ ಬೆರಳು ನಿಂತಿತು.

‘ಇಂವಗ ಎರಡ ಮ್ಯಾಚ್?’

ಎರಡನೆಯ ಪಂದ್ಯದಲ್ಲಿ ಅವನು ಹೋದ ಮೂರೂ ರೈಡಿನಲ್ಲಿ ಸಿಕ್ಕಿಬಿದ್ದ. ನಾವು ಸೋತೆವು. ಮುಂದಿನ ಜಾತ್ರೆಗೆ ನಾನು ಕರೆಯಲಿಲ್ಲ. ಅವನೂ ಯಾಕೆಂದು ಕೇಳಲಿಲ್ಲ. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಬಂದು ಅಂಕಣದ ಕಲ್ಲು ಆರಿಸುತ್ತಿದ್ದ ಹುಡುಗ, ಅಲ್ಲಿಂದ ಬರುವುದನ್ನೇ ಬಿಟ್ಟ.

‘ಕೊಹ್ಲಿಗೆ ಹದಿಮೂರು ಕೊಟ್ರು ಅಂದಿ.’

ನಾನು ಏನೂ ಹೇಳಲಿಲ್ಲ. ಆ ಹುಡುಗ ಈಗ ಡೋಣಿ ದಂಡೆಯ ಎರೆ ಹೊಲದಲ್ಲಿ ಜೋಳ, ಕಡಲೆ ಬೆಳೆಯುತ್ತಾನೆ. ಜಾತ್ರೆಯ ಪಂದ್ಯವಿದ್ದ ದಿನ ಮಾತ್ರ ತಪ್ಪದೆ ಬಂದು, ಹಗ್ಗ ಹಿಡಿದು ಸುಣ್ಣದ ಗೆರೆ ಹಾಕಿ ಹೋಗುತ್ತಾನೆ. ಮೊಮ್ಮಗ ಪೆನ್ನು ತಂದು ಹನ್ನೊಂದೂ ಹೆಸರುಗಳ ಮುಂದೆ ಆಡಿದ ಪಂದ್ಯಗಳ ಲೆಕ್ಕ ಬರೆಯತೊಡಗಿದ. ಮೂವರ ಮುಂದೆ ದೊಡ್ಡ ದೊಡ್ಡ ಅಂಕಿ ಬಿದ್ದವು. ಅವರಿಗೆ ಮೊದಲ ವರ್ಷ ಎಷ್ಟು ಸೋಲು ಸಹಿಸಿದ್ದೆ ಎಂಬುದೂ ಅದೇ ವಹಿಯಲ್ಲಿತ್ತು.

‘ಅವರ ಮಗ ಆಡ್ತಾನೇನು?’ ಎಂದ, ತಲೆ ಎತ್ತದೆ.

‘ಆಡ್ತಾನ. ಏಳನೆತ್ತೆ ಅದಾನ.’

‘ನಾಳೆ ಕರೀಲಾ?’