ಆ ಮೈನಸ್ ಚಿಹ್ನೆ ಅಳಿಸಬೇಡಿ

ಮೆಕ್ಯಾನಿಕ್ಸ್ ಇಂಟರ್ನಲ್ಸ್ ಮುಗಿಸಿ ಹೊರಗೆ ಬಂದ ಕೂಡಲೇ ನಾವೆಲ್ಲ ಕೇಳೋದು ಒಂದೇ ಪ್ರಶ್ನೆ: "ನಿಂಗೆ ಆರ್‌ಎ ಎಷ್ಟು ಬಂತು?" ಒಂದ್ಸಲ ನನಗೆ ಮೈನಸ್ ಬಂದಿತ್ತು. ಪಕ್ಕದವನಿಗೂ ಅಷ್ಟೇ. "ಸಪೋರ್ಟ್ ಫೋರ್ಸ್ ಮೈನಸ್ ಹೇಗೋ ಆಗುತ್ತೆ?" ಅಂತ ಅವನು ಅದನ್ನ ಅಳಿಸಿ ಬಂದಿದ್ದ. ನಿಜ ಹೇಳಬೇಕಂದ್ರೆ ನಾನೂ ಅಳಿಸಿದ್ದೆ.

ಅದು ತಪ್ಪು ಅಂತ ಈಗ ಅನ್ನಿಸುತ್ತೆ. ಕಾರಣ ಹೇಳ್ತೀನಿ.

ಬಣ್ಣ ಹೊಡೆಯುವವರ ಸಾರುವೆ ನೋಡಿದ್ದೀರಲ್ಲ? 4 ಮೀಟರ್ ಉದ್ದದ ಹಲಗೆ, ತೂಕ 200 ನ್ಯೂಟನ್ ಅಂದುಕೊಳ್ಳಿ. ಎಡತುದಿಯಲ್ಲಿ ಒಂದು ಆಧಾರ, ಎ. ಅಲ್ಲಿಂದ 3 ಮೀಟರ್ ದೂರದಲ್ಲಿ ಇನ್ನೊಂದು, ಬಿ. ಉಳಿದ 1 ಮೀಟರ್ ಹೊರಗೆ ಚಾಚಿದೆ. ಹಲಗೆಯನ್ನ ಸುಮ್ಮನೆ ಇಟ್ಟಿದ್ದಾರೆ, ಕಟ್ಟಿಲ್ಲ. 700 ನ್ಯೂಟನ್ ತೂಕದ ಕೆಲಸಗಾರ ಚಾಚಿದ ತುದಿಗೆ ಹೋಗಿ ನಿಲ್ತಾನೆ.

ಬಿ ಸುತ್ತ ಮೊಮೆಂಟ್ ತಗೊಳ್ಳಿ. ಬಿ ಬಲದ ದೂರ ಸೊನ್ನೆ, ಹಾಗಾಗಿ ಅದು ಲೆಕ್ಕದಿಂದಲೇ ಹೊರಗೆ. ಹಲಗೆಯ ತೂಕ ಅದರ ನಡುವೆ, ಅಂದರೆ ಬಿಯಿಂದ 1 ಮೀಟರ್ ಎಡಕ್ಕೆ. ಕೆಲಸಗಾರ 1 ಮೀಟರ್ ಬಲಕ್ಕೆ. ಎ ಬಲದ 3 ಪಟ್ಟು 200 ಕಳೆ 700ಕ್ಕೆ ಸಮ ಆಗಬೇಕು. ಎ ಬಂದದ್ದು ಮೈನಸ್ 167 ನ್ಯೂಟನ್.

ಅರ್ಥ ಏನು? ಹಲಗೆ ನಿಲ್ಲಬೇಕಂದ್ರೆ ಎಡತುದಿಯನ್ನ ಯಾರಾದ್ರೂ 167 ನ್ಯೂಟನ್‌ನಷ್ಟು ಕೆಳಗೆ ಎಳೆದು ಹಿಡಿಯಬೇಕು. ಸುಮ್ಮನೆ ಇಟ್ಟ ಆಧಾರ ಮೇಲಕ್ಕೆ ತಳ್ಳಬಲ್ಲದು, ಎಳೆಯಲಾರದು. ಹಲಗೆ ಮಗುಚುತ್ತೆ, ಮನುಷ್ಯ ಬೀಳ್ತಾನೆ. ನಾವು ಅಳಿಸಿದ ಚಿಕ್ಕ ಗೆರೆ ಇದನ್ನೇ ಹೇಳ್ತಿತ್ತು.

ಅದೇ ಲೆಕ್ಕ ಪರಿಹಾರವನ್ನೂ ಕೊಡುತ್ತೆ. ಎ ಸೊನ್ನೆ ಆಗುವ ಜಾಗ ಹುಡುಕಿದ್ರೆ 200 ಭಾಗಿಸು 700: ಬಿ ದಾಟಿ ಅವನು ಸುಮಾರು 28 ಸೆಂಟಿಮೀಟರ್ ಮಾತ್ರ ಹೋಗಬಹುದು. ಇಲ್ಲವೇ ಎಡತುದಿಯನ್ನ ಗಟ್ಟಿಯಾಗಿ ಕಟ್ಟಬೇಕು. ಕಟ್ಟಿದ ಮೇಲೆ ಮೈನಸ್ ಉತ್ತರ ಸರಿಯಾದ ಉತ್ತರವೇ, ಹಗ್ಗದ ಎಳೆತ ಅದು. ಅಂದರೆ ಮೈನಸ್ ಸರಿಯೋ ಅಪಾಯವೋ ಅನ್ನೋದನ್ನ ಹೇಳೋದು ಗಣಿತವಲ್ಲ, ಆ ಆಧಾರ ಯಾವ ಥರದ್ದು ಅನ್ನೋದು.

"ಪರೀಕ್ಷೇಲಿ ಇಷ್ಟೆಲ್ಲ ಯೋಚಿಸೋಕೆ ಟೈಮ್ ಎಲ್ಲಿದೆ ಗುರು?" ಅಂತೀರಿ. ಒಪ್ತೀನಿ. ಮೂರು ಈಕ್ವೇಷನ್ ಬರೆದು, ಉತ್ತರಕ್ಕೆ ಬಾಕ್ಸ್ ಹಾಕಿ ಮುಂದಿನ ಪ್ರಶ್ನೆಗೆ ಓಡೋದು ನಮಗೆ ರೂಢಿ ಆಗಿಬಿಟ್ಟಿದೆ. ಮುಂದೆ ಸಾಫ್ಟ್‌ವೇರ್ ನೋಡಿಕೊಳ್ಳುತ್ತೆ ಅನ್ನೋ ಧೈರ್ಯ ಬೇರೆ. ಆದ್ರೆ ಸುಮ್ಮನೆ ಇಟ್ಟ ಹಲಗೆಗೆ ನಾವು ಹಿಂಜ್ ಅಂತ ಕೊಟ್ಟರೆ ಸಾಫ್ಟ್‌ವೇರ್ ಕೂಡ ಮೈನಸ್ 167 ತೋರಿಸಿ ಸುಮ್ಮನಾಗುತ್ತೆ. ಬೀಳುತ್ತೆ ಅಂತ ಕೂಗಿ ಹೇಳಲ್ಲ.

ನಾನು ಕೇಳೋದು ಇಷ್ಟೇ. ಫ್ರೀ ಬಾಡಿ ಡಯಾಗ್ರಾಮ್ ಬಿಡಿಸುವಾಗಲೇ ಪ್ರತಿ ಆಧಾರದ ಪಕ್ಕ ಬರೆದುಕೊಳ್ಳಿ: ಇದು ತಳ್ಳುತ್ತಾ, ಎಳೆಯುತ್ತಾ, ಎರಡೂ ಮಾಡುತ್ತಾ? ಉತ್ತರ ಬಂದ ಮೇಲೆ ಆ ಸಾಲನ್ನ ಮತ್ತೊಮ್ಮೆ ನೋಡಿ. ಒಂದು ನಿಮಿಷವೂ ಹಿಡಿಯಲ್ಲ. ಮುಂದೊಂದು ದಿನ ನಮ್ಮ ಲೆಕ್ಕ ನಂಬಿ ಯಾರೋ ಹಲಗೆ ಹತ್ತುತ್ತಾರೆ. ಅವರಿಗೆ ಸ್ಟೆಪ್ ಮಾರ್ಕ್ಸ್ ಇರಲ್ಲ.